ಪರದೆಯ ದೆವ್ವ, ಮನೆಯ ರೋಗಿ

2004ರ 'ಆಪ್ತಮಿತ್ರ' ನೋಡಿದ್ದೀರಲ್ಲವೇ? ಗಂಗಾ ನಾಗವಲ್ಲಿಯಾಗಿ ಅಬ್ಬರಿಸುವುದನ್ನು ಕಂಡ ನಮ್ಮಲ್ಲಿ ಹಲವರು ಸ್ಕಿಜೋಫ್ರೇನಿಯಾ ಎಂದರೆ ಅದೇ ಎಂದುಕೊಂಡಿದ್ದೇವೆ. ಅಲ್ಲ. ಒಬ್ಬರೊಳಗೆ ಇನ್ನೊಬ್ಬರು ಮಾತಾಡುವ ಕಾಯಿಲೆ ಬೇರೆಯೇ. ಸ್ಕಿಜೋಫ್ರೇನಿಯಾ ಇರುವವರಿಗೆ ಯಾರೂ ಇಲ್ಲದಿದ್ದರೂ ಧ್ವನಿ ಕೇಳಿಸುತ್ತದೆ. ಮನೆಯವರೇ ಊಟದಲ್ಲಿ ವಿಷ ಹಾಕುತ್ತಿದ್ದಾರೆಂಬ ಸಂಶಯ ಬಲಿಯುತ್ತದೆ. ಸ್ನಾನ, ಓದು, ಗೆಳೆತನ ಒಂದೊಂದೇ ಬಿಟ್ಟುಹೋಗುತ್ತದೆ. ಇವರಲ್ಲಿ ಹೆಚ್ಚಿನವರು ಯಾರ ಮೇಲೂ ಕೈಮಾಡುವವರಲ್ಲ.

ಆದರೂ ಸಿನಿಮಾದ ಹೆದರಿಕೆ ನಮ್ಮ ಮನೆಯೊಳಗೆ ಬಂದು ಕೂತಿದೆ. ಜಿನ್ನ್ ಹಿಡಿದಿದೆ ಎನ್ನುತ್ತೇವೆ. ಮದುವೆ ಮಾಡಿದರೆ ಸರಿಹೋಗುತ್ತದೆ ಎನ್ನುತ್ತೇವೆ, ಅದೂ ಹುಡುಗಿಯ ಮನೆಯವರಿಗೆ ತಿಳಿಸದೆ! ಕೊನೆಗೆ ಕಟ್ಟಿಹಾಕುತ್ತೇವೆ. ತಮಿಳುನಾಡಿನ ಏರ್ವಾಡಿಯಲ್ಲಿ, ದರ್ಗಾಕ್ಕೆಂದು ಕರೆತಂದ ರೋಗಿಗಳನ್ನು ಇರಿಸಿಕೊಂಡಿದ್ದ ಖಾಸಗಿ ಆಶ್ರಯತಾಣವೊಂದಕ್ಕೆ 2001ರ ಆಗಸ್ಟ್ 6ರಂದು ಬೆಂಕಿ ಬಿತ್ತು. ಸರಪಳಿಯಲ್ಲಿದ್ದವರು ಓಡುವುದೆಲ್ಲಿಗೆ? 28 ಮಂದಿ ಜೀವ ಕಳೆದುಕೊಂಡರು.

ದುಆ ಮಾಡಿ, ಬೇಡವೆಂದವರಾರು? ಮಾತ್ರೆಯನ್ನೂ ಕೊಡಿ, ಸ್ವಲ್ಪ ಗುಣವಾಯಿತೆಂದು ನೀವಾಗಿ ನಿಲ್ಲಿಸಬೇಡಿ. ಮನೋವೈದ್ಯರ ಬಳಿ ಹೋಗಲು ಮುಜುಗರವೇ? ಮೊದಲು 14416ಕ್ಕೆ ಫೋನ್ ಮಾಡಿ. ಸರಕಾರದ ಟೆಲಿ ಮಾನಸ್ ಸೇವೆ ಅದು, ಉಚಿತ. ಕನ್ನಡದಲ್ಲೇ ಮಾತಾಡಬಹುದು.