ಕುದುರೆ ಎಣಿಸುವವರಿಗೆ ಒಂದು ಮಾತು

ಕಾರ್ ಲೋನಿಗೆ ಅಂತ ಬರುವ ಹುಡುಗರ ಮಾತು ಕೇಳಿ ಕೇಳಿ ನನಗಂತೂ ಸಾಕಾಗಿದೆ. "ಸರ್, ಆ ಗಾಡಿ ಬರೀ ತೊಂಬತ್ತು, ಇದು ನೂರು. ಹತ್ತು ಕುದುರೆ ಜಾಸ್ತಿ!" ಆ ನೂರು ಕುದುರೆ ಯಾವ ಆರ್‌ಪಿಎಮ್‌ನಲ್ಲಿ ಸಿಗುತ್ತೆ ಅಂತ ಕೇಳಿ ನೋಡಿ, ಮುಖ ಮುಖ ನೋಡುತ್ತಾರೆ. ಏಳು ವರ್ಷ ಕಂತು ಕಟ್ಟಲು ತಯಾರಿರುವ ಮನುಷ್ಯನಿಗೆ ತಾನು ಕೊಳ್ಳುತ್ತಿರುವುದೇನು ಅಂತ ಗೊತ್ತಿಲ್ಲ. ಶೋರೂಮಿನವನಿಗೂ ಹೇಳುವ ಉಮೇದಿಲ್ಲ.

ನಾನು ಬಿಕಾಂ ಓದಿದವನು. ಇಂಜಿನಿಯರುಗಳು ಕ್ಷಮಿಸಲಿ. ಆದರೆ ಇದಕ್ಕೆ ಇಂಜಿನಿಯರಿಂಗ್ ಬೇಕಾಗಿಲ್ಲ ಸ್ವಾಮಿ, ಗುಣಾಕಾರ ಬಂದರೆ ಸಾಕು.

ನಮ್ಮ ಅಜ್ಜಿಯಂದಿರು ಜೋಳ ಬೀಸುತ್ತಿದ್ದ ಕಲ್ಲು ನೆನಪು ಮಾಡಿಕೊಳ್ಳಿ. ಗೂಟ ಹಿಡಿದು ತಿರುಗಿಸುವ ಬಲವನ್ನು, ಆ ಗೂಟ ನಡುಮಧ್ಯದಿಂದ ಎಷ್ಟು ದೂರದಲ್ಲಿದೆಯೋ ಅದರಿಂದ ಗುಣಿಸಿದರೆ ಟಾರ್ಕ್. ಕಲ್ಲು ನಿಮಿಷಕ್ಕೆ ಎಷ್ಟು ಸುತ್ತು ತಿರುಗಿತು ಅನ್ನುವುದು ಆರ್‌ಪಿಎಮ್. ನಿಮಿಷಕ್ಕೆ ಎಷ್ಟು ಹಿಟ್ಟು ಬಿತ್ತು ಅನ್ನುವುದು ಪವರ್. ಗಟ್ಟಿ ರಟ್ಟೆಯವಳು ನಿಧಾನಕ್ಕೆ ಬೀಸಿದರೂ, ಸಣ್ಣ ಕೈಯವಳು ಜೋರಾಗಿ ಬೀಸಿದರೂ ಹಿಟ್ಟು ಅಷ್ಟೇ ಬೀಳಬಹುದು. ಅಂದರೆ ಟಾರ್ಕ್ ಬೇರೆ, ಪವರ್ ಬೇರೆ ಅಂತ ಎರಡು ಪಕ್ಷ ಕಟ್ಟಿಕೊಂಡು ಜಗಳಾಡುವುದೇ ಮೂರ್ಖತನ. ಟಾರ್ಕನ್ನು ಸುತ್ತಿನಿಂದ ಗುಣಿಸಿದರೆ ಬರುವುದೇ ಪವರ್. ಲೆಕ್ಕ ಬೇಕೆಂದರೆ, ನ್ಯೂಟನ್ ಮೀಟರನ್ನು ಆರ್‌ಪಿಎಮ್‌ನಿಂದ ಗುಣಿಸಿ ಸುಮಾರು 7,024ರಿಂದ ಭಾಗಿಸಿ. ಬಂದದ್ದು ಪಿಎಸ್.

ಈಗ ಒಂದು ಉದಾಹರಣೆ. 2011ರ ಮಾರುತಿ ಸ್ವಿಫ್ಟ್ ತೆಗೆದುಕೊಳ್ಳಿ. ಪೆಟ್ರೋಲ್ ಗಾಡಿಗೆ 87 ಪಿಎಸ್, ಅದೂ 6,000 ಆರ್‌ಪಿಎಮ್‌ನಲ್ಲಿ. ಟಾರ್ಕ್ 114 ನ್ಯೂಟನ್ ಮೀಟರ್, 4,000ದಲ್ಲಿ. ಡೀಸೆಲ್‌ಗೆ 75 ಪಿಎಸ್, 4,000ದಲ್ಲಿ. ಟಾರ್ಕ್ 190, ಬರೀ 2,000ದಲ್ಲಿ. ಕುದುರೆ ಎಣಿಸುವವರ ಪ್ರಕಾರ ಪೆಟ್ರೋಲ್ ಗೆದ್ದಿತು. ಆದರೆ 2,000 ಆರ್‌ಪಿಎಮ್‌ನಲ್ಲಿ ಲೆಕ್ಕ ಹಾಕಿ. ಡೀಸೆಲ್ ಕೊಡುವುದು 54 ಪಿಎಸ್. ಪೆಟ್ರೋಲ್‌ಗೆ ತನ್ನ ಗರಿಷ್ಠ ಟಾರ್ಕ್ ಅಲ್ಲೇ ಸಿಕ್ಕಿತು ಅಂತ ಉದಾರವಾಗಿ ಒಪ್ಪಿಕೊಂಡರೂ 32 ದಾಟುವುದಿಲ್ಲ. ಮೈಲೇಜ್ ಆಸೆಗೆ ಎರಡು ಸಾವಿರಕ್ಕೇ ಮುಂದಿನ ಗೇರಿಗೆ ಹಾರುವ ನಮ್ಮಂಥವರಿಗೆ ಆ 87 ಕುದುರೆಗಳ ದರ್ಶನವೇ ಆಗುವುದಿಲ್ಲ. ಅವು ಲಾಯದಲ್ಲೇ ಮುದಿಯಾಗುತ್ತವೆ.

ಬ್ಯಾಂಕಿನವನ ಭಾಷೆಯಲ್ಲಿ ಹೇಳುತ್ತೇನೆ. ಬ್ರೋಷರಿನ ಗರಿಷ್ಠ ಪವರ್ ಅಂದರೆ ಮಾರ್ಚ್ 31ರ ಡಿಪಾಸಿಟ್ ಅಂಕಿ ಇದ್ದ ಹಾಗೆ. ಒಂದು ದಿನದ ಮಟ್ಟಿಗೆ ನಿಜ, ಸುಳ್ಳೇನೂ ಅಲ್ಲ. ಆದರೆ ಸಾಲ ಕೊಡುವ ಮುಂಚೆ ನಾವು ಆ ಒಂದು ದಿನ ನೋಡುತ್ತೇವೆಯೇ? ವರ್ಷವಿಡೀ ಖಾತೆಯಲ್ಲಿ ಸರಾಸರಿ ಎಷ್ಟು ಇತ್ತು ಅಂತ ನೋಡುತ್ತೇವೆ. ಗಾಡಿಗೂ ಅದೇ ನ್ಯಾಯ.

ಹಾಗಂತ ಟಾರ್ಕ್ ಭಕ್ತರು ಹಿಗ್ಗುವುದೂ ಬೇಡ. "ಕುದುರೆಶಕ್ತಿ ಬರೀ ಮಾರಾಟಕ್ಕೆ, ಓಡಿಸೋದು ಟಾರ್ಕು" ಅಂತ ಡೀಸೆಲ್ ಗಾಡಿ ಇಟ್ಟವರು ಮೀಸೆ ತಿರುವುವುದನ್ನೂ ಕಂಡಿದ್ದೇನೆ. ಟಾರ್ಕನ್ನು ಗೇರು ಗುಣಿಸಬಲ್ಲದು. ಮೊದಲ ಗೇರಿನಲ್ಲಿ ಚಕ್ರಕ್ಕೆ ತಲುಪುವಾಗ ಅದು ಹತ್ತು ಹದಿನೈದು ಪಟ್ಟಾಗುತ್ತದೆ. ಪವರನ್ನು ಯಾವ ಗೇರೂ ಗುಣಿಸಲಾರದು. ಟಾರ್ಕ್ ಒಂದೇ ಸಾಕಿದ್ದರೆ ಟ್ರ್ಯಾಕ್ಟರು ರೇಸ್ ಗೆಲ್ಲಬೇಕಿತ್ತು. ಅದೇ ಪೆಟ್ರೋಲ್ ಸ್ವಿಫ್ಟನ್ನು ಒಂದು ಗೇರು ಇಳಿಸಿ 3,400ರ ಹತ್ತಿರ ಇಟ್ಟರೆ ಅದೂ 54 ಪಿಎಸ್ ಕೊಡುತ್ತದೆ. ಇಂಜಿನ್ ಕಿರುಚುತ್ತದೆ, ಅಷ್ಟೇ. ಕಿರುಚಿದರೆ ಕೆಡುತ್ತದೆ ಅಂತ ಹೆದರುವುದು ನಮ್ಮ ಜನರ ಇನ್ನೊಂದು ರೋಗ.

ಕುದುರೆಶಕ್ತಿ ಹುಟ್ಟಿದ್ದೇ ಮಾರಾಟಕ್ಕೆ ಅನ್ನುವುದಂತೂ ನಿಜ. ಹದಿನೆಂಟನೇ ಶತಮಾನದ ಕೊನೆಯಲ್ಲಿ ಜೇಮ್ಸ್ ವ್ಯಾಟ್ ತನ್ನ ಉಗಿಯಂತ್ರ ಎಷ್ಟು ಕುದುರೆಗಳ ಕೆಲಸ ಮಾಡುತ್ತದೆ ಅಂತ ಗಿರಾಕಿಗಳಿಗೆ ಹೇಳಬೇಕಿತ್ತು. ನಿಮಿಷಕ್ಕೆ 33,000 ಪೌಂಡ್ ತೂಕವನ್ನು ಒಂದು ಅಡಿ ಎತ್ತಿದರೆ ಒಂದು ಕುದುರೆ ಅಂತ ಗೊತ್ತುಮಾಡಿದ. ಅದರ ಮೇಲೆ ಪಿಎಸ್ ಬೇರೆ, ಬಿಎಚ್‌ಪಿ ಬೇರೆ. 100 ಪಿಎಸ್ ಅಂದರೆ 98.6 ಬಿಎಚ್‌ಪಿ. ಒಂದೇ ಇಂಜಿನ್, ದೊಡ್ಡದಾಗಿ ಕಾಣುವ ಅಂಕಿ ಬ್ರೋಷರಿಗೆ!

ಡೀಸೆಲ್ ಸ್ವಿಫ್ಟ್ 2020ರಲ್ಲಿ ನಿಂತುಹೋಯಿತು. ಈಗ ಕಾಲ ಟರ್ಬೊ ಪೆಟ್ರೋಲಿನದು. 2023ರಲ್ಲಿ ಬಂದ ಫ್ರಾಂಕ್ಸ್ ನೋಡಿ. 1.2 ಲೀಟರಿನದಕ್ಕೆ 90 ಪಿಎಸ್, 113 ನ್ಯೂಟನ್ ಮೀಟರ್, 4,400ರಲ್ಲಿ. 1 ಲೀಟರ್ ಟರ್ಬೊಗೆ 100 ಪಿಎಸ್, 147.6 ನ್ಯೂಟನ್ ಮೀಟರ್, 2,000ದಿಂದ 4,500ರವರೆಗೆ. ಹತ್ತು ಕುದುರೆ ಜಾಸ್ತಿ ಅಂತ ಕೊಳ್ಳುವವನು ನೋಡಬೇಕಾದದ್ದು ಆ "2,000ದಿಂದ" ಅನ್ನುವ ಮಾತನ್ನು. ಅಲ್ಲಿ ಒಂದು 42 ಪಿಎಸ್ ಕೊಟ್ಟರೆ ಇನ್ನೊಂದು ಹೆಚ್ಚೆಂದರೆ 32. ಊರೊಳಗೆ ಆಫೀಸಿಗೆ ಹೋಗಿಬರುವವನಿಗೆ ಈ ವ್ಯತ್ಯಾಸ ಬೇಕೇ ಬೇಕು ಅಂತಿಲ್ಲ. ಅವನು ದುಡ್ಡು ಉಳಿಸಲಿ. ಆದರೆ ಬೇಸಿಗೆ ರಜೆಗೆ ಪುಣೆಯಿಂದ ಐದು ಜನ, ಡಿಕ್ಕಿ ತುಂಬ ಸಾಮಾನು, ಏಸಿ ಹಾಕಿಕೊಂಡು ಖಂಬಾಟಕಿ ಘಾಟ್ ಹತ್ತಿ ಊರಿಗೆ ಹೋಗುವ ನಮ್ಮಂಥವರಿಗೆ ಬೇಕು. ಹೈವೇ ಬಿಟ್ಟು ಎರಡು ಲೇನಿನ ರಸ್ತೆಗೆ ಇಳಿದ ಮೇಲೆ ಕಬ್ಬಿನ ಟ್ರ್ಯಾಕ್ಟರ್ ಹಿಂದೆ ಹಾಕುವಾಗ ಇನ್ನೂ ಬೇಕು. ಎದುರಿನಿಂದ ಬಸ್ಸು ಬರುತ್ತಿದೆ, ನೀವು ನಾಲ್ಕನೇ ಗೇರಿನಲ್ಲಿ 1,500ರಲ್ಲಿದ್ದೀರಿ. ಆಗ ಬ್ರೋಷರಿನ ನೂರು ಕುದುರೆ ಯಾರ ಸಹಾಯಕ್ಕೂ ಬರುವುದಿಲ್ಲ. ಗೇರು ಇಳಿಸಲು ಗೊತ್ತಿರಬೇಕು, ಇಲ್ಲವೇ ಕೆಳಗೇ ಟಾರ್ಕ್ ಇರುವ ಇಂಜಿನ್ ಇರಬೇಕು. ಎರಡೂ ಇಲ್ಲದವರು ಹಿಂದೆ ಹಾಕಬಾರದು.

ಆದ್ದರಿಂದ ಶೋರೂಮಿಗೆ ಹೋದಾಗ ದೊಡ್ಡ ಅಂಕಿ ಬಿಟ್ಟು ಅದರ ಪಕ್ಕದ ಸಣ್ಣ ಅಂಕಿ ಕೇಳಿ. ಎಷ್ಟು ಆರ್‌ಪಿಎಮ್‌ನಲ್ಲಿ? ಗಾಡಿಯ ತೂಕ ಎಷ್ಟು? ಟೆಸ್ಟ್ ಡ್ರೈವ್‌ಗೆ ಒಬ್ಬರೇ ಹೋಗಬೇಡಿ, ಮನೆಮಂದಿಯನ್ನೆಲ್ಲ ತುಂಬಿಕೊಂಡು ಒಂದು ಏರು ಹತ್ತಿಸಿ. ಸೇಲ್ಸಿನ ಹುಡುಗ ಮುಖ ಸಿಂಡರಿಸಿದರೆ ಸಿಂಡರಿಸಲಿ. ಸಾಲದ ಪತ್ರದಲ್ಲೂ ಅಷ್ಟೇ, ಬ್ರೋಷರಿನಲ್ಲೂ ಅಷ್ಟೇ: ನಿಮಗೆ ಬೇಕಾದ ಸತ್ಯ ಯಾವಾಗಲೂ ಸಣ್ಣ ಅಕ್ಷರದಲ್ಲಿರುತ್ತದೆ. ಕನ್ನಡಕ ಹಾಕಿಕೊಂಡು ಓದಿ. ಇಷ್ಟು ಹೇಳಿದ ಮೇಲೂ ಕುದುರೆಯನ್ನೇ ಎಣಿಸುತ್ತೇನೆ ಅನ್ನುವವರಿಗೆ ನನ್ನದೊಂದು ದೊಡ್ಡ ನಮಸ್ಕಾರ. ಕಂತು ಮಾತ್ರ ತಪ್ಪಿಸಬೇಡಿ.