ಗಿನಿಯಿಲಿಯ ಬಾಯಿಗೆ ಯಾವ ಸೊಪ್ಪು?

ಮಕ್ಕಳ ಹಟಕ್ಕೆ ಕಟ್ಟುಬಿದ್ದು ತಂದ ಗಿನಿಯಿಲಿಯು ನಾಲ್ಕಾರು ದಿನಗಳಲ್ಲಿಯೇ ಮನೆಯವರೆಲ್ಲರ ಅಕ್ಕರೆಗೆ ಪಾತ್ರವಾಗುವುದುಂಟು. ಅನಂತರ ಹಿತ್ತಲಿನಲ್ಲಿ ಹಸಿರಾಗಿ ಕಂಡುದೆಲ್ಲವೂ ಅದರ ಗೂಡನ್ನು ಸೇರತೊಡಗುತ್ತದೆ. ಅಪಾಯವಿರುವುದು ಇಲ್ಲಿಯೇ. ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಪ್ರಾಂತವು ತವರಾದ ಈ ಪ್ರಾಣಿ ತಿಂದುದನ್ನು ವಾಂತಿ ಮಾಡಲಾರದು. ವಿಷದ ಎಲೆಯನ್ನು ನುಂಗಿದರೆ ಹೊರಹಾಕುವ ದಾರಿ ಅದಕ್ಕಿಲ್ಲ.

ಹಾಗೆಂದು ಹಸಿರನ್ನು ತಪ್ಪಿಸುವಂತೆಯೂ ಇಲ್ಲ. ಮನುಷ್ಯನಂತೆಯೇ ಗಿನಿಯಿಲಿಯ ದೇಹವೂ ‘ಸಿ’ ಜೀವಸತ್ವವನ್ನು ತಾನೇ ತಯಾರಿಸಿಕೊಳ್ಳಲಾರದು. ಧಾನ್ಯವನ್ನೇ ತಿಂದ ಗಿನಿಯಿಲಿಗಳಿಗೆ ಸ್ಕರ್ವಿ ರೋಗ ತಗಲುವುದನ್ನು ನಾರ್ವೆಯ ಹೋಲ್ಸ್ಟ್ ಮತ್ತು ಫ್ರೋಲಿಕ್ ಎಂಬ ವಿಜ್ಞಾನಿಗಳು 1907ರಲ್ಲಿಯೇ ತೋರಿಸಿಕೊಟ್ಟರು. ಒಣಹುಲ್ಲು ಮುಖ್ಯಾಹಾರ; ಅದರೊಡನೆ ನಿತ್ಯವೂ ಒಂದಿಷ್ಟು ಹಸಿಸೊಪ್ಪು ಬೇಕೇ ಬೇಕು.

ಈ ವಿಷಯದಲ್ಲಿ ಚಿಕ್ಕಬಳ್ಳಾಪುರದ ಸೀಮೆಯವರು ಭಾಗ್ಯವಂತರು. ಶಿಡ್ಲಘಟ್ಟದ ಹಿಪ್ಪುನೇರಳೆ ಸೊಪ್ಪು, ಚಿಕ್ಕಬಳ್ಳಾಪುರದ ದ್ರಾಕ್ಷಿಯ ಎಲೆ, ಗೌರಿಬಿದನೂರಿನ ಮುಸುಕಿನ ಜೋಳದ ಹಸಿ ಮುಸುಕು—ಮೂರೂ ಗಿನಿಯಿಲಿಗೆ ಒಗ್ಗುವಂಥವು. ಗರಿಕೆ, ಕೊತ್ತಂಬರಿ, ದಾಸವಾಳದ ಹೂ ಸಹ ಹಿತವೇ. ಆದರೆ ದ್ರಾಕ್ಷಿಗೆ ಮದ್ದು ಸಿಂಪಡಿಸುವ ವಾಡಿಕೆಯಿದೆ. ಸಿಂಪಡಿಸಿದ ಎಲೆ ಸರ್ವಥಾ ಸಲ್ಲದು. ಹಿಪ್ಪುನೇರಳೆಗಾದರೋ ರೇಷ್ಮೆಹುಳುವೇ ಕಾವಲುಗಾರ. ಕೀಟನಾಶಕದ ಸೋಂಕಿರುವ ಸೊಪ್ಪು ತಿಂದ ಹುಳು ಸಾಯುವುದರಿಂದ ಬೆಳೆಗಾರ ಮೈಯೆಲ್ಲ ಕಣ್ಣಾಗಿರುತ್ತಾನೆ. ಹುಳುವಿಗೆಂದು ಕೊಯ್ದ ಸೊಪ್ಪಿನಲ್ಲಿಯೇ ಹಿಡಿಯಷ್ಟನ್ನು ಕೇಳಿ ತಂದು, ತೊಳೆದು ಹಾಕುವುದು ಲೇಸು.

ಇನ್ನು ದೂರವಿಡಬೇಕಾದವು. ಚಿಂತಾಮಣಿಯ ಟೊಮ್ಯಾಟೊ ಹಣ್ಣಿನ ಸಣ್ಣ ಹೋಳನ್ನು ಕೊಡಬಹುದು. ಆ ಗಿಡದ ಎಲೆ, ಕಾಂಡಗಳನ್ನು ಕೊಡಬಾರದು. ಆಲೂಗಡ್ಡೆಯ ಮೊಳಕೆ, ಹಸಿರೇರಿದ ಸಿಪ್ಪೆ ವಿಷ. ಬೇಲಿಯ ಲಂಟಾನ ಯಕೃತ್ತನ್ನು ಕೆಡಿಸುತ್ತದೆ. ಉಮ್ಮತ್ತಿ, ಎಕ್ಕ, ಹರಳು, ಜಗಲಿಯ ಕುಂಡದಲ್ಲಿ ಬೆಳೆಸುವ ಡಿಫೆನ್‌ಬೇಕಿಯಾ—ಯಾವುದೂ ಅದರ ಬಾಯಿಗೆ ಸಿಕ್ಕಬಾರದು.

ಎಲ್ಲಕ್ಕಿಂತ ಹೆಚ್ಚಿನ ಎಚ್ಚರಿಕೆ ಬೇಕಾದುದು ಕಣಗಿಲೆಯ ವಿಷಯದಲ್ಲಿ. ಅದರ ಎಲೆ, ಹೂ, ಕಡ್ಡಿಗಳಲ್ಲೆಲ್ಲ ಹೃದಯದ ಬಡಿತವನ್ನೇ ಕೆಡಿಸುವ ವಿಷವಿದೆ. ಒಣಗಿದರೂ ಅದು ಹೋಗದು. ದೇವರ ಮೇಲಿನಿಂದ ತೆಗೆದ ಹೂವನ್ನು ಕಸಕ್ಕೆ ಹಾಕಲು ಮನಸ್ಸೊಪ್ಪದೆ ಸಾಕುಪ್ರಾಣಿಗೆ ಹಾಕುವವರಿದ್ದಾರೆ. ನಿರ್ಮಾಲ್ಯದಲ್ಲಿ ಒಂದು ಕಣಗಿಲೆಯಿದ್ದರೂ ಆ ಸದುದ್ದೇಶವೇ ಪ್ರಾಣಕ್ಕೆ ಎರವಾದೀತು. ಗಿಡದ ಬುಡವೇ ಅದಕ್ಕೆ ತಕ್ಕ ಸ್ಥಳ.

ಗಿನಿಯಿಲಿ ಮೇವು ಬಿಟ್ಟು ಮುದುಡಿ ಕುಳಿತರೆ ಮನೆಮದ್ದಿನಲ್ಲಿ ಕಾಲ ಕಳೆಯಬಾರದು. ತಿಂದುದೆಂದು ಅನುಮಾನವಿರುವ ಗಿಡದ ರೆಂಬೆಯೊಂದನ್ನೂ ಕೊಂಡು ಆ ಕ್ಷಣವೇ ಪಶುವೈದ್ಯರಲ್ಲಿಗೆ ಹೋಗಬೇಕು. ಅದಕ್ಕೂ ಮೊದಲು ಒಂದು ಬಿಡುವಿನ ದಿನ ಮಕ್ಕಳನ್ನು ಕರೆದುಕೊಂಡು ಹಿತ್ತಲನ್ನೊಮ್ಮೆ ಸುತ್ತಿ, ಕೊಡಬಹುದಾದ ಗಿಡ ಯಾವುದು, ಮುಟ್ಟಬಾರದುದು ಯಾವುದು ಎಂದು ಗುರುತು ಹಿಡಿಸಿಬಿಟ್ಟರೆ ಗಿನಿಯಿಲಿಯೂ ಕ್ಷೇಮ, ಮಕ್ಕಳೂ ಕ್ಷೇಮ.