ವೈನಿನ ರುಚಿ ನೋಡಿ ಬಂದೆವು, ನಮ್ಮ ಕಾಫಿಯ ರುಚಿ ನೋಡುವವರಾರು?

ಕೊಯ್ಲು ಮುಗಿದು, ಹೂಮಳೆಗಾಗಿ ಆಕಾಶ ನೋಡುತ್ತ ಕೂರುವ ಕೆಲವು ದಿನಗಳೇ ಬೆಳೆಗಾರನಿಗೆ ವರ್ಷದಲ್ಲಿ ಸಿಗುವ ರಜೆ. ಈ ಸಲ ಆ ಬಿಡುವಿನಲ್ಲಿ ನಮ್ಮ ಸಂಘದ ನಿರ್ದೇಶಕರೂ ಸದಸ್ಯರೂ ಸೇರಿ ಹದಿನಾಲ್ಕು ಮಂದಿ ನಂದಿ ಬೆಟ್ಟದ ಆಸುಪಾಸಿನ ಎರಡು ವೈನರಿಗಳನ್ನು, ಎಂದರೆ ದ್ರಾಕ್ಷಿಯಿಂದ ವೈನ್ ತಯಾರಿಸುವ ಕಾರ್ಖಾನೆಗಳನ್ನು, ನೋಡಿ ಬಂದೆವು. "ಸಂಘದ ದುಡ್ಡಿನಲ್ಲಿ ಕುಡಿಯಲಿಕ್ಕೆ ಹೋಗಿದ್ದರು" ಎಂದು ಕೆಲವು ಸದಸ್ಯ ಬಾಂಧವರು ಆಡಿಕೊಂಡದ್ದು ನಮ್ಮ ಕಿವಿಗೂ ಬಿದ್ದಿದೆ. ವ್ಯಾನಿನ ಬಾಡಿಗೆ, ಊಟ, ರುಚಿ ನೋಡುವ ಶುಲ್ಕ ಎಲ್ಲವನ್ನೂ ಹೋದವರೇ ತಲೆಗಿಷ್ಟೆಂದು ಹಾಕಿಕೊಂಡಿದ್ದೇವೆ. ಲೆಕ್ಕ ಕಚೇರಿಯಲ್ಲಿದೆ, ಯಾರು ಬೇಕಾದರೂ ನೋಡಬಹುದು. ಹದಿನಾಲ್ವರಲ್ಲಿ ಐವರು ವೈನಿನ ಒಂದು ತೊಟ್ಟನ್ನೂ ಬಾಯಿಗೆ ಹಾಕದೆ ದ್ರಾಕ್ಷಿಯ ರಸ ಕುಡಿದು ಬಂದವರು ಎಂಬುದನ್ನೂ ಹೇಳಿಬಿಡುತ್ತೇವೆ.

ಹೋದದ್ದೇಕೆಂದರೆ, ಹೋಮ್‌ಸ್ಟೇ ನಡೆಸುವ ನಮ್ಮ ಕೆಲವು ಸದಸ್ಯರು ಬೆಂಗಳೂರಿನ ಅತಿಥಿಗಳ ಬಾಯಲ್ಲಿ ಈ ವೈನರಿಗಳ ಮಾತು ಕೇಳಿ ಕೇಳಿ ಸಾಕಾಗಿದ್ದರು. "ದ್ರಾಕ್ಷಿ ತೋಟ ನೋಡಲಿಕ್ಕೆ ದುಡ್ಡು ಕೊಟ್ಟು ಹೋಗುತ್ತಾರಂತೆ ಮಾರಾಯ್ರೆ, ನಮ್ಮ ತೋಟಕ್ಕೆ ಬಂದವರು ಕಾಳುಮೆಣಸು ಪುಕ್ಕಟೆ ಕೇಳುತ್ತಾರೆ" ಎಂದು ಒಬ್ಬರು ಅಂದದ್ದೇ ಪ್ರವಾಸಕ್ಕೆ ಮೂಲವಾಯಿತು.

ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ, ಕೋಲಾರಗಳ ಆ ಸೀಮೆಗೆ ದ್ರಾಕ್ಷಿ ಹೊಸದಲ್ಲ. ಬೆಂಗಳೂರು ಬ್ಲೂ ಎಂಬ ಕಪ್ಪು ದ್ರಾಕ್ಷಿ ಅಲ್ಲಿ ಬಹುಕಾಲದಿಂದ ಇದೆ. ಅದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆತಿದೆ. ತಿನ್ನಲು, ರಸಕ್ಕೆ, ಜಾಮಿಗೆ, ಅಗ್ಗದ ಸಿಹಿ ವೈನಿಗೆ ಅದು ಸಾಕು. ಒಣ ವೈನಿಗೆ ಬೇಕಾದ ಫ್ರಾನ್ಸಿನ ತಳಿಗಳನ್ನು ಅಲ್ಲಿ ದೊಡ್ಡ ರೀತಿಯಲ್ಲಿ ಮೊದಲು ನೆಟ್ಟವರು ಗ್ರೋವರ್ ಮನೆತನದವರು. ಅವರ ಸಂಸ್ಥೆ 1988ರಲ್ಲಿ ಆರಂಭವಾಯಿತು. ರಾಜ್ಯ ಸರ್ಕಾರ ವೈನಿಗೆಂದೇ ಪ್ರತ್ಯೇಕ ನೀತಿ ತಂದದ್ದು 2007ರಲ್ಲಿ. ಅದೇ ವರ್ಷದ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತೆಂಬುದು ತೋಟದ ಲೈನುಗಳ ಪರಿಚಯವಿರುವ ನಮಗೆಲ್ಲ ನೆನಪಿದೆ. ಒಂದು ಕೈಯಲ್ಲಿ ಮುಚ್ಚಿ ಇನ್ನೊಂದು ಕೈಯಲ್ಲಿ ತೆರೆದರೆಂದು ಟೀಕಿಸಿದವರುಂಟು. ಆ ಚರ್ಚೆ ಇಲ್ಲಿ ಬೇಡ. ಕುಡಿತ ಮನೆ ಹಾಳುಮಾಡಿದ್ದನ್ನು ನಾವೂ ನೋಡಿದ್ದೇವೆ. ವೈನಿನಲ್ಲಿ ನೂರಕ್ಕೆ ಹನ್ನೆರಡು ಹದಿಮೂರು ಪಾಲು ಮದ್ಯಸಾರ ಇರುವುದರಿಂದ ಅದೇನೂ ಪಾನಕವಲ್ಲ.

ತೋಟದ ವಿಷಯ ಒಂದೆರಡು ಮಾತಿನಲ್ಲಿ ಮುಗಿಸುತ್ತೇವೆ. ಚಳಿ ದೇಶಗಳಲ್ಲಿ ದ್ರಾಕ್ಷಿ ಬಳ್ಳಿ ಚಳಿಗಾಲದಲ್ಲಿ ಎಲೆ ಉದುರಿಸಿ ಮಲಗುತ್ತದೆ, ಇಲ್ಲಿ ಮಲಗುವುದಿಲ್ಲ. ಆದುದರಿಂದ ವರ್ಷಕ್ಕೆ ಎರಡು ಸಲ ಸವರುತ್ತಾರೆ, ಬೇಸಿಗೆಯಲ್ಲೊಮ್ಮೆ, ಮಳೆ ಹಿಂಜರಿಯುವಾಗ ಇನ್ನೊಮ್ಮೆ. ಎರಡನೆಯ ಸವರಿಕೆಯ ಫಲವೇ ಫೆಬ್ರವರಿ, ಮಾರ್ಚಿನ ಕೊಯ್ಲು. ನೂರು ಅಂಗುಲ ಮಳೆ ಸುರಿಯುವ ನಮ್ಮಲ್ಲಿ ಇದನ್ನು ನೆಟ್ಟರೆ ಬೂಷ್ಟಿಗೆ ಔಷಧಿ ಹೊಡೆದೇ ಆಯುಷ್ಯ ಮುಗಿದೀತು. ಹೊಸ ಬೆಳೆಯ ಆಸೆ ಇಟ್ಟುಕೊಂಡು ವ್ಯಾನು ಹತ್ತಿದ್ದ ಇಬ್ಬರು ಮಿತ್ರರು ಮಧ್ಯಾಹ್ನದೊಳಗೆ ಆ ಆಸೆ ಬಿಟ್ಟರು.

ಕಾರ್ಖಾನೆಯ ಒಳಗೆ ಹೋದ ಮೇಲೆ ಮಾತ್ರ ನಮಗೆ ತವರಿಗೆ ಬಂದಂತಾಯಿತು. ಹುದುಗಿನ ವಾಸನೆ! ಪಲ್ಪರ್ ಮಾಡಿದ ಕಾಫಿ ತೊಟ್ಟಿಯಲ್ಲಿ ರಾತ್ರಿ ಕಳೆದು ಬೆಳಗ್ಗೆ ಮೂಗಿಗೆ ಬರುವ ಆ ಹುಳಿ, ಸಿಹಿ ಸೇರಿದ ವಾಸನೆಯನ್ನು ಯಾರು ಮರೆತಾರು? ಕೆಂಪು ವೈನಿಗೆ ಹಣ್ಣನ್ನು ತೊಟ್ಟು ಬಿಡಿಸಿ, ಒಡೆದು, ಸಿಪ್ಪೆಯ ಸಮೇತ ಸ್ಟೀಲಿನ ತೊಟ್ಟಿಗೆ ತುಂಬುತ್ತಾರೆ. ಹುದುಗು ಸಕ್ಕರೆಯನ್ನು ತಿಂದು ಮದ್ಯಸಾರ ಮಾಡುತ್ತದೆ. ಅನಿಲ ಏಳುವಾಗ ಸಿಪ್ಪೆಯೆಲ್ಲ ಮೇಲೆ ತೇಲಿ ಮುಚ್ಚಳದಂತೆ ಕಟ್ಟಿಕೊಳ್ಳುತ್ತದೆ. ಅಡಿಯ ರಸವನ್ನು ಪಂಪಿನಿಂದ ಎತ್ತಿ ಆ ಸಿಪ್ಪೆಯ ಮೇಲೆ ಮತ್ತೆ ಮತ್ತೆ ಸುರಿಯುತ್ತಾರೆ. ಬಣ್ಣ, ಒಗರು ಎರಡೂ ಬರುವುದು ಸಿಪ್ಪೆಯಿಂದ. ಬಿಳಿ ವೈನಿಗಾದರೆ ಹಿಂಡಿ ಸಿಪ್ಪೆ ತೆಗೆದ ಮೇಲೆಯೇ ಹುದುಗು. "ಬಿಳಿಯದು ನಮ್ಮ ಪಾರ್ಚ್‌ಮೆಂಟು, ಕೆಂಪಿನದು ಚೆರ್ರಿ" ಎಂದರು ಜೊತೆಗಿದ್ದವರೊಬ್ಬರು. ಹೋಲಿಕೆ ಪೂರ್ತಿ ಸರಿಯಲ್ಲ, ಆದರೆ ಎಲ್ಲರಿಗೂ ಒಮ್ಮೆಲೇ ಅರ್ಥವಾಯಿತು. ಹಿಂಡಿದ ಸಿಪ್ಪೆ ಗೊಬ್ಬರವಾಗಿ ತೋಟಕ್ಕೇ ಹೋಗುತ್ತದೆ, ನಮ್ಮ ಕಾಫಿ ಸಿಪ್ಪೆಯ ಹಾಗೆ.

ಆಮೇಲೆ ರುಚಿ ನೋಡುವ ಕೋಣೆ. ಉದ್ದನೆಯ ಮೇಜು, ಬಿಳಿ ಕಾಗದ ಹಾಸಿದೆ, ತಲಾ ನಾಲ್ಕು ಗಾಜಿನ ಬಟ್ಟಲು, ನಡುವೆ ಉಗುಳಲು ಪಾತ್ರೆ. ದೊಡ್ಡಬಳ್ಳಾಪುರ ಕಡೆಯ ಹುಡುಗನೊಬ್ಬ ಅಚ್ಚ ಕನ್ನಡದಲ್ಲಿ ಹೇಳಿಕೊಟ್ಟ. ಮೊದಲು ಬಿಳಿ ಕಾಗದದ ಮೇಲೆ ಬಟ್ಟಲನ್ನು ಓರೆಮಾಡಿ ಬಣ್ಣ ನೋಡಿ, ತಿರುಗಿಸಿ ಮೂಸಿ, ಒಂದು ಗುಟುಕು ಬಾಯಲ್ಲಿಟ್ಟು ಆಡಿಸಿ, ಬೇಕಾದರೆ ನುಂಗಿ, ಬೇಡವಾದರೆ ಉಗುಳಿ. ಇದನ್ನೇ ಉದ್ಯೋಗ ಮಾಡಿಕೊಂಡವರು ಉಗುಳುತ್ತಾರೆ. ಇಲ್ಲದಿದ್ದರೆ ಹತ್ತನೆಯ ಬಟ್ಟಲಿನ ಹೊತ್ತಿಗೆ ಯಾವುದು ಯಾವುದೆಂದು ತಿಳಿಯುವುದಿಲ್ಲ. ಕಾಫಿ ಮಂಡಳಿಯ ಕಪ್ ಟೇಸ್ಟಿಂಗ್ ನೋಡಿದವರಿಗೆ ಈ ಕ್ರಮ ಹೊಸದಾಗಿ ಕಾಣದು. ಅಲ್ಲಿಯೂ ಚಮಚದಿಂದ ಸುರ್ರೆಂದು ಹೀರಿ ಉಗುಳುವುದೇ.

ನಾವು ಮೊದಲೇ ಹೇಳಿದ್ದೆವು: ಸಾವಿರ ರೂಪಾಯಿಯೊಳಗಿನ ಬಾಟಲಿಗಳನ್ನು ತೋರಿಸಿ, ಕೊನೆಯಲ್ಲಿ ಒಂದು ದುಬಾರಿಯದು ಸಾಕು. ಹುಡುಗ ಮುಖ ಸಣ್ಣದು ಮಾಡಿಕೊಳ್ಳಲಿಲ್ಲ. ಮೊದಲು ಬಂದದ್ದು ಸಿಹಿ ಕೆಂಪು ವೈನ್. ಹಬ್ಬದ ಮನೆಯ ಶರಬತ್ತಿನಂತಿತ್ತು. ಇಬ್ಬರಿಗೆ ಬಹಳ ಹಿಡಿಸಿತು, ಉಳಿದವರಿಗೆ ಒಂದು ಗುಟುಕಿಗೆ ಸಾಕಾಯಿತು. ಎರಡನೆಯದು ಶಿರಾಜ್ ತಳಿಯದು, ಒಣ ವೈನ್. ಬಾಯಿಗಿಟ್ಟ ನಮ್ಮ ಹಿರಿಯ ಅಡಿಕೆ ಬೆಳೆಗಾರರೊಬ್ಬರು ಕಣ್ಣರಳಿಸಿ, "ಇದು ಚೊಗರಲ್ಲವೇ!" ಎಂದರು. ನಾಲಗೆಯ ಅಂಚು ಹಿಡಿದೆಳೆದಂತಾಗುವ, ವಸಡು ಒಣಗುವ ಆ ಒಗರನ್ನು ಪಟ್ಟಣದವರಿಗೆ ವಿವರಿಸಲು ತಾನು ಎಷ್ಟೋ ಹೊತ್ತು ಹೆಣಗುವುದುಂಟು, ನಿಮಗೆ ಹೇಳಬೇಕಾದ್ದೇ ಇಲ್ಲ ಎಂದು ಹುಡುಗ ನಕ್ಕ. ಅಡಿಕೆ ಬೇಯಿಸಿದ ಹಂಡೆಯ ಮುಂದೆ ನಿಂತವನಿಗೆ ಟ್ಯಾನಿನ್ ಎಂಬ ಶಬ್ದ ಬೇಕಿಲ್ಲ. ಮೂರನೆಯದು ಕ್ಯಾಬರ್ನೆ ಸೋವಿನ್ಯೋ ಮತ್ತು ಶಿರಾಜ್ ಸೇರಿಸಿದ್ದು. ಅದರಲ್ಲಿ ಕಾಳುಮೆಣಸಿನ ವಾಸನೆ ಇದೆ ಎಂದು ಮೊದಲು ಕಂಡುಹಿಡಿದವರು ಕಣದ ಉಸ್ತುವಾರಿಯನ್ನೆಲ್ಲ ತಾವೇ ನೋಡಿಕೊಳ್ಳುವ ನಮ್ಮ ಸದಸ್ಯೆಯೊಬ್ಬರು. ಅವರು ನುಂಗಲಿಲ್ಲ, ಮೂಸಿದ್ದಷ್ಟೆ. ಹದಿನಾಲ್ಕು ಮೂಗುಗಳಲ್ಲಿ ಅವರದೇ ಉತ್ತಮವೆಂದು ಹುಡುಗನೂ ಒಪ್ಪಿಕೊಂಡ.

ಕೊನೆಯದು ಓಕ್ ಮರದ ಪೀಪಾಯಿಯಲ್ಲಿ ತಿಂಗಳುಗಟ್ಟಲೆ ಇಟ್ಟದ್ದು, ಬೆಲೆ ಉಳಿದವುಗಳ ಎರಡು ಪಟ್ಟಿಗೂ ಮೇಲೆ. ನಮ್ಮಲ್ಲಿ ಹೆಚ್ಚಿನವರು ಮೂರನೆಯದಕ್ಕೇ ಓಟು ಹಾಕಿದರು. ಮರದ ವಾಸನೆ ಹಣ್ಣನ್ನು ಮುಚ್ಚಿಹಾಕಿದೆ ಎಂಬುದು ನಮ್ಮ ಅಭಿಪ್ರಾಯ. ನಮ್ಮ ನಾಲಗೆ ಹಳ್ಳಿಯದು ಎಂದು ಯಾರಾದರೂ ಹೇಳಿದರೆ ಜಗಳವಿಲ್ಲ. ಹುಡುಗ ಹೇಳಿದ ಒಂದು ಮಾತು ಮಾತ್ರ ವ್ಯಾನಿನಲ್ಲಿ ಊರು ಮುಟ್ಟುವವರೆಗೂ ಚರ್ಚೆಯಾಯಿತು. "ಪದಕ ತರೋದು ಆ ದುಬಾರಿ ಬಾಟ್ಲಿ ಸರ್, ಸಂಬಳ ಕೊಡೋದು ಈ ಮೂರು. ಇವು ಒಂದು ವರ್ಷ ಕೆಟ್ಟರೆ ನಾವು ಮುಗಿದ್ವಿ." ಆದುದರಿಂದ ಅಗ್ಗದ ವೈನಿನ ಪ್ರತಿಯೊಂದು ತೊಟ್ಟಿಯನ್ನೂ ಅವರು ದಿನಾ ರುಚಿ ನೋಡುತ್ತಾರೆ.

(ಕೊಂಡು ತಂದವರಿಗೆ ಎರಡು ಸೂಚನೆ. ನಮ್ಮ ಬೇಸಿಗೆಯಲ್ಲಿ ಕೆಂಪು ವೈನನ್ನು ಅಟ್ಟದ ಮೇಲಿಟ್ಟು ಹಾಗೆಯೇ ಬಗ್ಗಿಸಬೇಡಿ, ಕಾಲು ಗಂಟೆ ಫ್ರಿಜ್ಜಿನಲ್ಲಿಟ್ಟರೆ ಮದ್ಯಸಾರದ ಘಾಟು ಅಡಗುತ್ತದೆ. ತೆರೆದ ಬಾಟಲಿ ಎರಡು ಮೂರು ದಿನಕ್ಕಿಂತ ಹೆಚ್ಚು ನಿಲ್ಲದು. ಆಮೇಲೆ ಹುಳಿ ಹತ್ತುತ್ತದೆ.)

ಹೊರಡುವ ಮುನ್ನ ಆ ಹುಡುಗ ಸೌಜನ್ಯಕ್ಕೆಂದು ಕೇಳಿದ: "ನಿಮ್ಮ ಕಾಫಿ ರುಚಿ ಹೇಗಿರುತ್ತೆ ಸರ್?"

ಯಾರೂ ಉತ್ತರ ಕೊಡಲಿಲ್ಲ. ಮೂವತ್ತು ವರ್ಷಗಳಿಂದ ಕಾಫಿ ಬೆಳೆಯುವ ನಾವು ಕುಡಿಯುವುದು ಪೇಟೆಯ ಅಂಗಡಿಯ ಚಿಕೋರಿ ಬೆರೆತ ಪುಡಿ. ನಮ್ಮ ತೋಟದ ರೋಬಸ್ಟಾ ಚೆರ್ರಿಯನ್ನು ಬೇರೆಯಾಗಿ ಹುರಿದು, ಹಾಲು ಸಕ್ಕರೆ ಹಾಕದೆ ಒಂದು ಸಲವಾದರೂ ಬಾಯಿಗಿಟ್ಟು ನೋಡಿದ್ದೇವೆಯೇ? ಇಲ್ಲ. ಪಕ್ಕದಲ್ಲಿ ನಿಂತಿದ್ದ ಹದಿಮೂವರೂ ನೆಲ ನೋಡುತ್ತಿದ್ದರು.

ಪೂಲಿನ ಕಾಲದಲ್ಲಿ ಇದರ ಅಗತ್ಯ ಬೀಳಲಿಲ್ಲ. ಕಾಫಿಯನ್ನು ಮಂಡಳಿಗೆ ಒಪ್ಪಿಸಿದರೆ ತೂಕ, ದರ್ಜೆ, ರುಚಿ ಎಲ್ಲ ಅವರ ಪಾಲಿಗೆ; ನಮ್ಮದು ಕಂತಿಗಾಗಿ ಕಾಯುವುದು. 1996ರ ಹೊತ್ತಿಗೆ ಮಾರಾಟ ಪೂರ್ತಿ ಮುಕ್ತವಾಯಿತು. ಆಗ ನಾವೆಲ್ಲ ಸಂತೋಷಪಟ್ಟೆವು, ಅದು ತಪ್ಪೂ ಅಲ್ಲ. ಆದರೆ ಮಾರುವ ಸ್ವಾತಂತ್ರ್ಯ ಬಂದ ಮೇಲೆ ಆದದ್ದೇನು? ವ್ಯಾಪಾರಿ ಅಂಗಳಕ್ಕೆ ಬರುತ್ತಾನೆ, ತೇವಾಂಶ ನೋಡುತ್ತಾನೆ, 50 ಕಿಲೋ ಚೀಲದಿಂದ ಎಷ್ಟು ಕಿಲೋ ಬೀಜ ಬರುತ್ತದೆಂದು ಔಟ್‌ಟರ್ನ್ ತೆಗೆಯುತ್ತಾನೆ, ದರ ಹೇಳುತ್ತಾನೆ. ಹಣ್ಣಾದದ್ದನ್ನೇ ಆರಿಸಿ ಕೊಯ್ದು ಕಣದಲ್ಲಿ ಹುಷಾರಾಗಿ ಒಣಗಿಸಿದವನ ಚೆರ್ರಿಯೂ, ಕಾಯಿ ಹಣ್ಣು ಒಟ್ಟಿಗೆ ಸುಲಿದು ರಾಶಿ ಹಾಕಿ ಬೂಷ್ಟು ಬರಿಸಿದವನ ಚೆರ್ರಿಯೂ ಔಟ್‌ಟರ್ನ್ ಸಮವಾದರೆ ಹೆಚ್ಚುಕಡಿಮೆ ಒಂದೇ ದರಕ್ಕೆ ಹೋಗುತ್ತವೆ. ಅಂಗಳದಲ್ಲಿ ರುಚಿಗೆ ಬೆಲೆ ಇಲ್ಲ. ಮುಂದೆ ಎಲ್ಲಿಯೋ ಇದೆ, ಆದರೆ ಅಲ್ಲಿ ನಾವಿಲ್ಲ. ದೇಶದ ಕಾಫಿಯಲ್ಲಿ ಸುಮಾರು ಮುಕ್ಕಾಲು ಪಾಲು ರೋಬಸ್ಟಾ, ಹಿಡುವಳಿಗಳಲ್ಲಿ ಬಹುಪಾಲು ಸಣ್ಣವು. ಎಂದರೆ ಇದು ನಾಲ್ಕು ದೊಡ್ಡ ಎಸ್ಟೇಟುಗಳ ಪ್ರಶ್ನೆಯಲ್ಲ.

ವೈನಿನ ಕಥೆಗೆ ಇನ್ನೊಂದು ಮುಖವಿದೆ, ಅದನ್ನೂ ಮುಚ್ಚಿಡಬಾರದು. ಮಹಾರಾಷ್ಟ್ರದಲ್ಲಿ 2001ರ ನೀತಿಯ ನಂತರ ನಾಸಿಕ್ ಸುತ್ತಮುತ್ತ ವೈನರಿಗಳು ಸಾಲುಸಾಲಾಗಿ ಎದ್ದವು, ರೈತರು ಒಪ್ಪಂದದ ಮೇಲೆ ವೈನ್ ದ್ರಾಕ್ಷಿ ನೆಟ್ಟರು. 2008ರ ಹಿಂಜರಿತದ ಬಳಿಕ ಬೇಡಿಕೆ ಕುಸಿದಾಗ ಹಲವು ಕಡೆ ಹಣ್ಣು ಕೊಳ್ಳುವವರೇ ಇಲ್ಲವಾದರು. ವೈನ್ ದ್ರಾಕ್ಷಿ ಸಣ್ಣದು, ಬೀಜ ತುಂಬಿದ್ದು, ಸಿಪ್ಪೆ ದಪ್ಪ. ತಿನ್ನುವ ಮಾರುಕಟ್ಟೆಗೆ ಒಯ್ದರೆ ಯಾರೂ ಕೇಳರು. ಬಳ್ಳಿ ಕಿತ್ತುಹಾಕಿದ ರೈತರು ಅನೇಕರು. ರುಚಿ ನೋಡುವ ಮೇಜು ವೈನರಿಯಲ್ಲಿತ್ತು, ರೈತನ ಬಳಿ ಇರಲಿಲ್ಲ.

ನಮ್ಮ ಕಡೆಯಲ್ಲೂ ಇಂಥದು ಆಗಿತ್ತಲ್ಲವೇ? ಅಡಿಕೆ ತೋಟದಲ್ಲಿ ಕೊಕ್ಕೊ ನೆಡಿ ಎಂದವರು 1980ರ ಆಸುಪಾಸಿನಲ್ಲಿ ಬೆಲೆ ಬಿದ್ದಾಗ ಕೊಳ್ಳುವುದರಿಂದ ಹಿಂದೆ ಸರಿದರು. ಆಗ ಕೈ ಹಿಡಿದದ್ದು 1973ರಲ್ಲಿ ಅಡಿಕೆಗಾಗಿ ಹುಟ್ಟಿದ ಕ್ಯಾಂಪ್ಕೊ. ಅದು ಕೊಕ್ಕೊ ಕೊಂಡದ್ದಲ್ಲದೆ 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ನಿಲ್ಲಿಸಿತು. ಬೆಳೆಗಾರರ ಸಹಕಾರಿ ಸಂಸ್ಥೆಯೊಂದು ಕೊಟ್ಟ ಉತ್ತರ ಅದು. ನಮ್ಮ ಸಂಘ ಅಷ್ಟು ದೊಡ್ಡದಲ್ಲ, ಕಾರ್ಖಾನೆಯ ಮಾತು ನಾವು ಆಡುತ್ತಿಲ್ಲ.

ನಾವು ಕೇಳುತ್ತಿರುವುದು ಒಂದು ಮೇಜು. ಹಳೆಯ ಗೊಬ್ಬರದ ಗೋದಾಮಿನ ಮುಂದಿನ ಕೋಣೆ ಖಾಲಿ ಇದೆ. ಅಲ್ಲಿ ಮಾದರಿ ಹುರಿಯುವ ಸಣ್ಣ ಯಂತ್ರ, ಒಂದು ಗ್ರೈಂಡರ್, ಒಂದಷ್ಟು ಬಟ್ಟಲು, ಚಮಚ. ಕಾಫಿ ಮಂಡಳಿಯ ಕಾಪಿ ಶಾಸ್ತ್ರ ತರಬೇತಿಗೆ ಇಬ್ಬರು ಯುವ ಸದಸ್ಯರನ್ನು ಕಳಿಸಬೇಕು; ಆ ಸದಸ್ಯೆ ಒಪ್ಪಿದರೆ ಮೊದಲ ಹೆಸರು ಅವರದೇ. ಕಳೆದ ಸಭೆಯಲ್ಲಿ ಇದಕ್ಕೆ ಬಂದ ಆಕ್ಷೇಪ, "ಬಹುಮಾನದ ಕಾಫಿ, ವಿದೇಶಕ್ಕೆ ಹೋಗುವ ಕಾಫಿ, ಅದೆಲ್ಲ ನಮಗೆ ಆಗದು" ಎಂದು. ನಾವೂ ಅದನ್ನೇ ಹೇಳುತ್ತೇವೆ. ಬಹುಮಾನದ ಬಾಟಲಿಯ ಹಿಂದೆ ಹೋಗಬೇಕಾಗಿಲ್ಲ. ಬೂಷ್ಟಿನ ವಾಸನೆ ಇಲ್ಲದ, ಹೆಚ್ಚು ಹುಳಿಯದ, ಹೊಗೆ ಹತ್ತದ ಶುದ್ಧವಾದ ಸಾಮಾನ್ಯ ಕಾಫಿ ಯಾರ ಕಣದಲ್ಲಿದೆ ಎಂದು ನಮಗೇ ಗೊತ್ತಾದರೆ, ಅದನ್ನು ಬೇರೆ ರಾಶಿಮಾಡಿ ಬೇರೆ ದರ ಕೇಳಬಹುದು. ವ್ಯಾಪಾರಿ ಕೊಡಲಾರೆ ಎಂದರೆ ಎರಡನೆಯ ವ್ಯಾಪಾರಿಗೆ ಹೇಳಲು ನಮ್ಮ ಬಳಿ ಒಂದು ಮಾತಿರುತ್ತದೆ. ಈಗ ಅದೂ ಇಲ್ಲ.

ಇನ್ನೊಂದು ಆಕ್ಷೇಪ ಯಾರೂ ಬಾಯಿಬಿಟ್ಟು ಹೇಳಿಲ್ಲ, ಆದರೆ ಅದೇ ದೊಡ್ಡದೆಂದು ನಮಗೆ ಗೊತ್ತು. ನಮ್ಮ ಕಾಫಿ ಕೆಟ್ಟದೆಂದು ನೆರೆಯವರ ಎದುರಿಗೆ ಗೊತ್ತಾದರೆ ಮರ್ಯಾದೆ ಏನಾದೀತು? ಆದುದರಿಂದ ಬಟ್ಟಲಿಗೆ ಹೆಸರಿರುವುದಿಲ್ಲ, ನಂಬರು ಮಾತ್ರ. ನಂಬರಿನ ಪಟ್ಟಿ ಕಾರ್ಯದರ್ಶಿಯ ಬಳಿ ಇರುತ್ತದೆ.

ವಿಷಯ ಮುಂದಿನ ಸರ್ವಸದಸ್ಯರ ಸಭೆಯ ಮುಂದೆ ಬರುತ್ತದೆ. ಒಪ್ಪಿಗೆ ಸಿಕ್ಕಿದರೆ ಮೊದಲ ದಿನಕ್ಕೆ ತಲಾ ಅರ್ಧ ಕಿಲೋ ಶುಚಿಮಾಡಿದ ಬೀಜ ತನ್ನಿ. ನಮ್ಮ ತೋಟದ ರೋಬಸ್ಟಾವನ್ನು ನಂಬರಿಲ್ಲದೆ, ಹೆಸರು ಬರೆದೇ ಮೊದಲ ಬಟ್ಟಲಿಗೆ ಹಾಕುತ್ತೇವೆ. ಹೋದ ಡಿಸೆಂಬರಿನ ಅಕಾಲ ಮಳೆಯಲ್ಲಿ ಕಣದ ಮೇಲೆ ನೆನೆದದ್ದು ಅದು. ಹೇಗಿದೆಯೋ ನಮಗೂ ಗೊತ್ತಿಲ್ಲ.